ಸ್ಪ್ಯಾನಿಷ್‌ಗೆ ಕನ್ನಡದ ಹಿತ್ತಲ ಬಾಗಿಲು

ಗೆಳೆಯಾ,

ಹೊರದೇಶಕ್ಕೆ ಹೋಗದೆ, ಮನೆಯಲ್ಲೇ ಕೂತು ಸ್ಪ್ಯಾನಿಷ್ ಕಲಿಯೋದಕ್ಕಾಗುತ್ತಾ ಅಂತ ಕೇಳಿದ್ದೀಯ. ಆಗುತ್ತೆ. ಆದರೆ ನಿನ್ನ ಕೈಲಿರೋ ಪುಸ್ತಕ, ಆ್ಯಪ್ ಎಲ್ಲಾ ಇಂಗ್ಲಿಷಿನವರಿಗಾಗಿ ಮಾಡಿದ್ದು ಅನ್ನೋದು ನೆನಪಿರಲಿ. ಅವು ಪುಟಗಟ್ಟಲೆ ವಿವರಿಸುವ ಎಷ್ಟೋ ಸಂಗತಿ ಕನ್ನಡಿಗನ ಬಾಯಲ್ಲಿ ಆಗಲೇ ಇದೆ. ಮುಂಬಾಗಿಲಲ್ಲಿ ಇಂಗ್ಲಿಷಿನ ಕ್ಯೂ ನಿಂತಿದ್ದರೆ ನೀನು ಹಿತ್ತಲಿಂದ ಒಳಗೆ ಬಾ.

‘ಮೆ ಗುಸ್ತಾ ಎಲ್ ಕಫೆ’ ಅನ್ನೋದನ್ನೇ ನೋಡು. ಇಂಗ್ಲಿಷಿನವರಿಗೆ ಇದು ತಲೆಕೆಳಗಾದ ವಾಕ್ಯ. ನಮಗೆ ‘ನನಗೆ ಹಿಡಿಸುತ್ತದೆ ಕಾಫಿ’, ಅಷ್ಟೇ. ಪುಸ್ತಕಗಳಾದರೆ ‘ಹಿಡಿಸುತ್ತವೆ’ ಆಗುವ ಹಾಗೆ ಅಲ್ಲೂ ‘ಗುಸ್ತಾನ್’ ಆಗುತ್ತೆ. ‘ಮೆ ದ್ವೇಲೆ ಲಾ ಕಬೆಸಾ’ ಅಂದರೆ ‘ನನಗೆ ತಲೆ ನೋಯುತ್ತೆ’. ‘ಸೆ ಮೆ ಒಲ್ಬಿದೊ’ ಅಂದರೆ ‘ನನಗೆ ಮರೆತುಹೋಯ್ತು’: ಮರೆತದ್ದು ನಾನಲ್ಲ, ಅದಾಗಿ ಅದೇ ಹೋದದ್ದು! ಭೂತಕಾಲ ಎರಡು ಬಗೆ ಅಂತ ಜನ ಹೆದರಿಸುತ್ತಾರೆ. ‘ಮಳೆ ಬರ್ತಿತ್ತು, ಕರೆಂಟು ಹೋಯ್ತು’ ಅನ್ನುವಾಗ ನೀನು ಆ ಎರಡನ್ನೂ ಬಳಸಿರುತ್ತೀಯ. ಸ್ಪ್ಯಾನಿಷಿನಲ್ಲಿ ‘ಯೊಬಿಯಾ ಇ ಸೆ ಫ್ವೆ ಲಾ ಲೂಸ್’. ‘ಬರ್ತೀನಿ’ ಅಂದರೆ ‘ನಾನು’ ಬೇಕಿಲ್ಲದ ಹಾಗೆ ಅಲ್ಲೂ ‘ಯೊ’ ಬೇಕಿಲ್ಲ, ಕ್ರಿಯಾಪದದ ಬಾಲದಲ್ಲೇ ಅದಿರುತ್ತೆ. ‘ತು’ ಮತ್ತು ‘ಉಸ್ತೆದ್’ ನಮ್ಮ ನೀನು, ನೀವು.

ಹಿತ್ತಲ ಬಾಗಿಲು ಎಲ್ಲಾ ಕೋಣೆಗೂ ತೆರೆಯೋದಿಲ್ಲ. ‘ನನಗೆ ನೀರು ಬೇಕು’ ಅನ್ನೋದನ್ನು ‘ಮೆ’ ಹಾಕಿ ಹೇಳಲು ಹೋದರೆ ‘ಮೆ ಕ್ಯೇರೆ’ ಆಗಿ ‘ನನ್ನನ್ನು ಪ್ರೀತಿಸುತ್ತಾಳೆ’ ಅನ್ನೋ ಅರ್ಥ ಬಂದುಬಿಡುತ್ತೆ. ನೀರು ಬೇಕಿದ್ದರೆ ‘ಕ್ಯೇರೊ ಆಗ್ವಾ’. ಹಸಿವು ‘ಆಗೋದಿಲ್ಲ’, ಅದನ್ನು ‘ಇಟ್ಟುಕೊಂಡಿರಬೇಕು’: ‘ತೆಂಗೊ ಆಂಬ್ರೆ’. ಮೇಜು, ಕೈ, ಭೂಪಟಕ್ಕೆಲ್ಲ ಗಂಡು ಹೆಣ್ಣು ಅನ್ನೋದಕ್ಕೂ ಕನ್ನಡದಲ್ಲಿ ಆಸರೆ ಇಲ್ಲ. ‘ಓ’ ಕೊನೆಯಾದರೆ ಗಂಡು, ‘ಆ’ ಕೊನೆಯಾದರೆ ಹೆಣ್ಣು ಅನ್ನೋ ಸೂತ್ರ ಬಹುಪಾಲು ನಡೆಯುತ್ತೆ. ಆದರೆ ‘ಲಾ ಮಾನೊ’ (ಕೈ), ‘ಎಲ್ ಮಾಪಾ’ (ಭೂಪಟ), ‘ಎಲ್ ದೀಯಾ’ (ದಿನ) ಅದನ್ನು ಮುರಿಯುತ್ತವೆ. ಹಾಗಾಗಿ ‘ಎಲ್’ ಅಥವಾ ‘ಲಾ’ ಇಲ್ಲದೆ ಒಂದೇ ಒಂದು ನಾಮಪದವನ್ನೂ ಕಲಿಯಬೇಡ.

ಉಚ್ಚಾರದಲ್ಲಿ ಇಂಗ್ಲಿಷಿನ ಅಭ್ಯಾಸ ಬಿಡೋದೇ ಅರ್ಧ ಕೆಲಸ. ‘ಟೆಂಗೊ’ ಅಲ್ಲ, ‘ತೆಂಗೊ’. ನಾಲಿಗೆ ಹಲ್ಲಿಗೆ ತಾಗಬೇಕು, ನಮ್ಮ ತ-ದ ಸಾಕು. ಆದರೆ ಎರಡು ಸ್ವರದ ನಡುವೆ ಬಂದಾಗ ದ, ಬ ಎರಡೂ ಸಡಿಲವಾಗುತ್ತವೆ: ನಾಲಿಗೆ ಅಥವಾ ತುಟಿ ಪೂರ್ತಿ ಮುಚ್ಚದೆ ಗಾಳಿ ನುಸುಳುತ್ತೆ. ‘ಪೆರೊ’ (ಆದರೆ) ಅನ್ನೋದರ ರ ನಮ್ಮದೇ. ‘ಪೆರ್ರೊ’ (ನಾಯಿ) ಅನ್ನೋದಕ್ಕೆ ‘ಗಿರ್ರನೆ ತಿರುಗಿತು’ ಅಂತ ಒತ್ತಿ ಹೇಳುವಾಗಿನ ರ್ರ ಬೇಕು. ಪದದ ಮೊದಲಿನ ರ ಕೂಡ ಇದೇ ಜಾತಿಯದ್ದು, ನಾವು ಜಾರೋದು ಇಲ್ಲೇ. ಫೋನಿನಲ್ಲಿ ಸ್ಪ್ಯಾನಿಷ್ ವಾಯ್ಸ್ ಟೈಪಿಂಗ್ ಹಾಕಿ ಪರೀಕ್ಷೆ ಮಾಡು. ಉದ್ದ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ನಿನ್ನ ತಪ್ಪನ್ನು ತಾನೇ ತಿದ್ದಿಬಿಡುತ್ತೆ. ಅದಕ್ಕೇ ಒಂಟಿ ಪದ ಹೇಳು.

ಫೋನಿನ ಭಾಷೆ ಬದಲಿಸು ಅಂತ ಎಲ್ಲರೂ ಹೇಳುತ್ತಾರೆ. ಬದಲಿಸೋಕೆ ಮೊದಲು ವಾಪಸು ಬರುವ ದಾರಿಯ ಸ್ಕ್ರೀನ್‌ಶಾಟ್ ತೆಗೆದು ಕಂಪ್ಯೂಟರಿನಲ್ಲಿಡು. ಭಾಷೆಗೆ ಅಲ್ಲಿ ‘ಇದಿಯೋಮಾ’, ಸೆಟ್ಟಿಂಗ್ಸ್‌ಗೆ ‘ಅಹುಸ್ತೆಸ್’ ಇಲ್ಲವೇ ‘ಕೊನ್ಫಿಗುರಸಿಯೋನ್’ ಅಂತಿರುತ್ತೆ. ಬ್ಯಾಂಕಿನ ಆ್ಯಪ್ ಮಾತ್ರ ಹಳೆಯ ಭಾಷೆಯಲ್ಲೇ ಇರಲಿ, ಹಣದ ಜಾಗದಲ್ಲಿ ಪ್ರಯೋಗ ಬೇಡ. ಆ್ಯಂಡ್ರಾಯ್ಡ್ 13 ಮತ್ತು ಐಒಎಸ್ 13ರಿಂದ ಈಚೆಗೆ ಒಂದೊಂದು ಆ್ಯಪಿಗೂ ಬೇರೆ ಭಾಷೆ ಇಡಬಹುದು. ಆದರೂ ಇದರಿಂದ ಸಿಗೋದು ನೂರಿನ್ನೂರು ಪದ ಅಷ್ಟೇ. ಮೂರನೇ ವಾರಕ್ಕೆ ಕಣ್ಣು ಅಕ್ಷರ ಬಿಟ್ಟು ಐಕಾನ್ ನೋಡೋಕೆ ಶುರುಮಾಡುತ್ತೆ.

ಗೋಡೆಗೆ ಚೀಟಿ ಅಂಟಿಸುವ ಉಪಾಯಕ್ಕೂ ಅದೇ ಗತಿ. ಬಾಗಿಲ ಮೇಲೆ ‘ಬಾಗಿಲು’ ಅಂತ ಬರೆದರೆ ವಾರದಲ್ಲಿ ಅದು ಗೋಡೆಯ ಬಣ್ಣದಷ್ಟೇ ಕಾಣುತ್ತೆ. ಹೆಸರಿನ ಬದಲು ಅಲ್ಲಿ ಮಾಡುವ ಕೆಲಸ ಬರಿ: ‘ಆಬ್ರೊ ಲಾ ಪ್ವೆರ್ತಾ’ (ಬಾಗಿಲು ತೆಗೀತೀನಿ). ಪ್ರತಿ ಸಲ ತೆಗೆಯುವಾಗ ಬಾಯಿಬಿಟ್ಟು ಹೇಳು. ಇದರ ಜೊತೆ ನಾಲ್ಕು ಅಚ್ಚು ಇಟ್ಟುಕೋ: ‘ಬೊಯ್ ಆ’ (ಮಾಡಲಿದ್ದೀನಿ), ‘ತೆಂಗೊ ಕೆ’ (ಮಾಡಲೇಬೇಕು), ‘ಕ್ಯೇರೊ’ (ಮಾಡೋಕೆ ಇಷ್ಟ), ‘ಅಕಾಬೊ ದೆ’ (ಈಗಷ್ಟೇ ಮಾಡಿದೆ). ಇವುಗಳ ಮುಂದೆ ತಿನ್ನು, ತೊಳೆ, ಕೊಳ್ಳು, ಹೊರಡು ಮೊದಲಾದ ಇಪ್ಪತ್ತು ಕ್ರಿಯಾಪದ ಮೂಲರೂಪದಲ್ಲೇ ಕೂರುತ್ತವೆ, ರೂಪ ಬದಲಿಸುವ ಗೋಜಿಲ್ಲ. ನಾಲ್ಕಿಪ್ಪತ್ತಲೆ ಎಂಬತ್ತು ವಾಕ್ಯ. ದಿನದ ಬಹುಪಾಲು ಕೆಲಸ ಅಷ್ಟರಲ್ಲೇ ಮುಗಿಯುತ್ತೆ. ಅಂಕಿಗಳನ್ನೂ ಹೀಗೇ ಬಾಯಿಗೆ ಹಾಕಿಕೋ: ಗಡಿಯಾರ, ಲಿಫ್ಟು, ಮುಂದೆ ಹೋಗುವ ವಾಹನದ ನಂಬರು. ‘ಸೆಸೆಂತಾ’ (60), ‘ಸೆತೆಂತಾ’ (70) ಕಿವಿಯಲ್ಲಿ ಬೇರೆಬೇರೆಯಾಗೋಕೆ ತಿಂಗಳುಗಳೇ ಬೇಕು.

ಇನ್ನು ಕೇಳೋದು. ಜಾಸ್ತಿ ಹೊತ್ತು ಇಲ್ಲೇ ಹೋಗಬೇಕು, ಜಾಸ್ತಿ ಹೊತ್ತು ವ್ಯರ್ಥವಾಗೋದೂ ಇಲ್ಲೇ. ಅರ್ಥವಾಗದ ರೇಡಿಯೊವನ್ನು ದಿನವಿಡೀ ಹಿನ್ನೆಲೆಯಲ್ಲಿ ಹಾಕಿಟ್ಟರೆ ಕಿವಿಗೆ ಅದು ಫ್ಯಾನಿನ ಸದ್ದು. ಹತ್ತು ವಾಕ್ಯದಲ್ಲಿ ಎಂಟರ ಭಾವ ಹಿಡಿಯುವಷ್ಟು ಸುಲಭದ್ದನ್ನೇ ಆರಿಸು. ಡ್ರೀಮಿಂಗ್ ಸ್ಪ್ಯಾನಿಷ್ ವಿಡಿಯೊಗಳನ್ನು ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಆರಂಭದವುಗಳಲ್ಲಿ ಚಿತ್ರ ಬರೆದು, ಕೈಸನ್ನೆ ಮಾಡಿ ನಿಧಾನವಾಗಿ ಹೇಳುತ್ತಾರೆ. ಅಲ್ಲಿಂದ ಶುರುಮಾಡು. ‘ರೇಡಿಯೊ ಅಂಬುಲಾಂತೆ’ಯಂಥ ಪಾಡ್‌ಕಾಸ್ಟ್ ಆಮೇಲಿನ ಮಾತು. ಲ್ಯಾಟಿನ್ ಅಮೆರಿಕದ ನಿಜಕಥೆಗಳು, ಅಲ್ಲಿನ ಜನರ ಸಹಜ ವೇಗದಲ್ಲೇ.

ಸಬ್‌ಟೈಟಲ್ ವಿಷಯದಲ್ಲಿ ಒಂದು ಗುಂಡಿ ಇದೆ. ಬೇರೆ ಭಾಷೆಯ ಸರಣಿಯನ್ನು ಸ್ಪ್ಯಾನಿಷ್ ಡಬ್ಬಿಂಗಿನಲ್ಲಿ ಹಾಕಿ, ಕೆಳಗೆ ಸ್ಪ್ಯಾನಿಷ್ ಸಬ್‌ಟೈಟಲ್ ಇಟ್ಟರೆ ಬಹುಪಾಲು ಎರಡೂ ಹೊಂದೋದಿಲ್ಲ. ಡಬ್ಬಿಂಗಿನ ಅನುವಾದ ತುಟಿಚಲನೆಗೆ ಹೊಂದಬೇಕು, ಸಬ್‌ಟೈಟಲ್ಲಿನದು ಓದುವ ವೇಗಕ್ಕೆ. ಸಾಮಾನ್ಯವಾಗಿ ಎರಡನ್ನೂ ಬೇರೆಬೇರೆಯಾಗಿಯೇ ಮಾಡಿರುತ್ತಾರೆ. ಕಿವಿ ಕೆಟ್ಟಿದೆ ಅಂದುಕೊಂಡು ಕಂಗೆಡಬೇಡ. ಮೂಲದಲ್ಲೇ ಸ್ಪ್ಯಾನಿಷ್ ಆಗಿರುವುದನ್ನು ಆರಿಸು, ಅದರಲ್ಲೂ ಶ್ರವಣದೋಷ ಇರುವವರಿಗಾಗಿ ಮಾಡಿದ ಸಬ್‌ಟೈಟಲ್ ಸಿಕ್ಕರೆ ಒಳ್ಳೇದು, ಅದು ಆಡಿದ ಮಾತಿಗೆ ಹತ್ತಿರ ಇರುತ್ತೆ. ಅರ್ಧ ನಿಮಿಷದ ತುಣುಕು ತಗೋ: ಮೊದಲು ಸಬ್‌ಟೈಟಲ್ ಇಲ್ಲದೆ ಮೂರು ಸಲ, ಓದುತ್ತಾ ಎರಡು ಸಲ, ಆಮೇಲೆ ಅವರ ಬೆನ್ನಿಗೇ ನೀನೂ ಹೇಳುತ್ತಾ ಐದು ಸಲ. ಪದದ ಕೊನೆಯ ಸ್ವರ ಮುಂದಿನ ಪದಕ್ಕೆ ಅಂಟಿ ಹೋಗೋದು ಆಗ ತಿಳಿಯುತ್ತೆ. ಸಂಧಿ ಕಲಿತವರಿಗೆ ಇದೇನು ಹೊಸದಲ್ಲ.

ಮೊದಲ ಆರು ತಿಂಗಳು ಒಂದೇ ದೇಶದ ಸ್ಪ್ಯಾನಿಷ್ ಹಿಡಿದುಕೋ. ನನ್ನನ್ನು ಕೇಳಿದರೆ ಮೆಕ್ಸಿಕೊ ಅಥವಾ ಕೊಲಂಬಿಯಾದ್ದು. ಚಿಲಿ, ಕ್ಯಾರಿಬಿಯನ್ ಕಡೆ ‘ಸ್’ ನುಂಗುತ್ತಾರೆ. ಅರ್ಜೆಂಟೀನಾದಲ್ಲಿ ‘ತು’ ಬದಲು ‘ಬೊಸ್’, ಕ್ರಿಯಾಪದದ ರೂಪವೂ ಬೇರೆ. ಸ್ಪೇನಿನಲ್ಲಿ ‘ಹಿಡಿ, ತಗೋ’ ಅನ್ನೋದಕ್ಕಿರುವ ‘ಕೊಹೇರ್’ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ.

ಅಡುಗೆ ವಿಡಿಯೊ ನೋಡಿಕೊಂಡೇ ಅಡುಗೆ ಮಾಡಿದರೆ ಪದ ಕೈಗೆ ಅಂಟುತ್ತೆ. ಅಲ್ಲಿ ‘ರೆಮೊಬೇರ್’ ಅಂದರೆ ತೆಗೆದುಹಾಕು ಅಂತಲ್ಲ, ಸೌಟು ಆಡಿಸು ಅಂತ. ಇಂಗ್ಲಿಷಿನ ಹಾಗೆ ಕಾಣುವ ಪದಗಳೇ ಕೈಕೊಡೋದು. ‘ಎಕ್ಸಿತೊ’ ಅಂದರೆ ಯಶಸ್ಸು, ಹೊರದಾರಿಯಲ್ಲ. ಮುಜುಗರವಾಯಿತು ಅನ್ನೋಕೆ ಹೋಗಿ ಹೆಂಗಸರು ‘ಎಂಬರಸಾದಾ’ ಅಂದರೆ ಕೇಳಿದವರು ಬಸುರಿ ಅಂತ ತಿಳಿದು ಶುಭಾಶಯ ಹೇಳುತ್ತಾರೆ.

ಪದ ನೆನಪಿಡೋಕೆ ಆ್ಯಂಕಿ ಸಾಕು, ಕಾರ್ಡುಗಳನ್ನು ದಿನ ಬಿಟ್ಟು ದಿನ ಮತ್ತೆಮತ್ತೆ ತೋರಿಸಿ ನೆನಪಿಸುವ ಆ್ಯಪ್ ಅದು. ಕಾರ್ಡಿನಲ್ಲಿ ಒಂಟಿ ಪದ ಬೇಡ, ನೀನೇ ಕೇಳಿದ ಇಡೀ ವಾಕ್ಯ ಹಾಕು. ದಿನಕ್ಕೆ ಹತ್ತೇ ಹೊಸ ಕಾರ್ಡು. ಉತ್ಸಾಹದಲ್ಲಿ ಮೂವತ್ತು ಹಾಕಿದರೆ ತಿಂಗಳೊಳಗೆ ಪುನರಾವರ್ತನೆಯ ರಾಶಿ ಬಿದ್ದು, ಆ್ಯಪ್ ತೆಗೆಯೋದೇ ಬೇಜಾರಾಗುತ್ತೆ.

ಅಮೆರಿಕದ ರಾಯಭಾರಿ ಸಿಬ್ಬಂದಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಪೂರ್ಣಾವಧಿ ತರಗತಿಯಲ್ಲೇ ಸ್ಪ್ಯಾನಿಷ್‌ಗೆ 30 ವಾರ ಕೊಡುತ್ತೆ. ಅಂದಾಜು 700 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಂತೆ ನಿನ್ನ ಲೆಕ್ಕ ಒಂದು ವರ್ಷ ದಾಟುತ್ತೆ. ಮೂರು ತಿಂಗಳಲ್ಲಿ ನಿರರ್ಗಳ ಅನ್ನುವ ಜಾಹೀರಾತು ಕಂಡರೆ ಪಕ್ಕಕ್ಕೆ ಸರಿಸು.

ಮೂರನೇ ತಿಂಗಳಿಂದ ವಾರಕ್ಕೆರಡು ಸಲ, ಅರ್ಧ ಗಂಟೆ ಯಾರ ಜೊತೆಗಾದರೂ ಮಾತಾಡು. ಟ್ಯಾಂಡೆಮ್, ಹೆಲೋಟಾಕ್‌ನಲ್ಲಿ ಭಾಷೆ ವಿನಿಮಯಕ್ಕೆ ಜನ ಸಿಗುತ್ತಾರೆ, ಎರಡೂ ಅದಕ್ಕೆಂದೇ ಇರುವ ಆ್ಯಪ್. ಹದಿನೈದು ನಿಮಿಷ ಸ್ಪ್ಯಾನಿಷ್, ಹದಿನೈದು ನಿಮಿಷ ಇಂಗ್ಲಿಷ್ ಅಂತ ಅಲಾರಂ ಇಟ್ಟೇ ಶುರುಮಾಡು. ಇಲ್ಲದಿದ್ದರೆ ಇಬ್ಬರಲ್ಲಿ ಯಾರಿಗೆ ಯಾವುದು ಚೆನ್ನಾಗಿ ಬರುತ್ತೋ ಆ ಭಾಷೆಗೇ ಮಾತು ಜಾರುತ್ತೆ. ಸಿಕ್ಕಿಹಾಕಿಕೊಂಡಾಗ ‘ಕೆ ಕ್ಯೇರೆ ದೆಸೀರ್’ (ಹಾಗಂದರೇನು) ಅಂತ ಕೇಳು. ಉತ್ತರವೂ ಸ್ಪ್ಯಾನಿಷಿನಲ್ಲೇ ಬರುತ್ತೆ.

ಹಾಂ, ಕೀಬೋರ್ಡಿಗೆ ಸ್ಪ್ಯಾನಿಷ್ ಇವತ್ತೇ ಸೇರಿಸಿಕೋ. ವಯಸ್ಸು ಹೇಳುವ ‘ಆನ್ಯೊಸ್’ನಲ್ಲಿ ಎನ್ ಅಕ್ಷರದ ನೆತ್ತಿಯ ಮೇಲೊಂದು ಅಲೆಗೆರೆ ಇರುತ್ತೆ. ಅದು ಬಿಟ್ಟುಹೋದರೆ ನಿನಗೆ ಇಷ್ಟು ವರ್ಷ ಅನ್ನೋದರ ಬದಲು ಇಷ್ಟು ಗುದದ್ವಾರಗಳಿವೆ ಅಂತಾಗುತ್ತೆ. ಮುಂದಿನ ಪತ್ರ ಸ್ಪ್ಯಾನಿಷಿನಲ್ಲಿ ಬರೆಯುವಾಗ ಆ ಗೆರೆ ಮರೀಬೇಡ ಮಾರಾಯಾ.

ನಿನ್ನ ಗೆಳೆಯ