ಕಂಪ್ಯೂಟರಿಗೂ ಕೊಡಿ, ಕಾಗದವನ್ನೂ ತನ್ನಿ ಎಂದರೆ ಹೇಗೆ?

ಸಂಪಾದಕರಿಗೆ ನಮಸ್ಕಾರ,

ಬಟ್ಟೆ ಆಮದಿನ ಕಾಗದಪತ್ರಗಳನ್ನೆಲ್ಲ ಎಲೆಕ್ಟ್ರಾನಿಕ್ ಮಾಡಬೇಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಆಗಲಿ, ಬೇಗ ಆಗಲಿ. ಆದರೆ ಒಂದು ಶರತ್ತು. ಎಲೆಕ್ಟ್ರಾನಿಕ್ ದಾಖಲೆ ಒಪ್ಪಿಕೊಂಡ ಮೇಲೆ ಕಾಗದ ಕೇಳಬಾರದು. ಎರಡನ್ನೂ ಕೇಳಿದರೆ ಸುಮ್ನೆ ಕೆಲಸ ಎರಡರಷ್ಟಾಗುತ್ತದೆ.

ನಾನು ಈ ಕೆಲಸದಲ್ಲೇ ಇರುವವನು. ಒಮ್ಮೆ ನಮ್ಮ ಬಟ್ಟೆಯ ಕಂಟೇನರ್ ಬಂದರಿನಲ್ಲಿ ಇಳಿದಿತ್ತು, ಇನ್ವಾಯ್ಸು, ಪ್ಯಾಕಿಂಗ್ ಲಿಸ್ಟು ಎಲ್ಲವೂ ಆನ್‌ಲೈನ್‌ನಲ್ಲಿ ಸೇರಿತ್ತು, ಮಾಲು ಯಾವ ದೇಶದ್ದು ಎಂದು ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್‌ನ ಸ್ಕ್ಯಾನ್ ಕೂಡ ಇತ್ತು. ಆದರೂ ಕಸ್ಟಮ್ಸ್‌ನವರು ಸೀಲು, ಸಹಿ ಇರುವ ಒರಿಜಿನಲ್ಲೇ ಬೇಕು ಎಂದರು. ಅದು ಕೊರಿಯರ್‌ನಲ್ಲಿ ಎಲ್ಲೋ ಇತ್ತು. ಅದು ಬರುವ ತನಕ ಮಾಲು ಅಲ್ಲೇ ಬಿದ್ದಿತ್ತು, ಡೆಮರೇಜ್ (ಮಾಲು ತಡವಾಗಿ ಬಿಡಿಸಿಕೊಂಡರೆ ಕಟ್ಟಬೇಕಾದ ಶುಲ್ಕ) ಏರುತ್ತಲೇ ಹೋಯಿತು. ಕೊನೆಗೆ ಬಂದ ಕಾಗದದಲ್ಲಿ ಸ್ಕ್ಯಾನ್‌ನಲ್ಲಿ ಇಲ್ಲದ ಒಂದು ಅಕ್ಷರವೂ ಇರಲಿಲ್ಲ.

ಬಟ್ಟೆ ವ್ಯಾಪಾರಕ್ಕೆ ಇದು ಹೊಸದೇನೂ ಅಲ್ಲ. ಇಷ್ಟೇ ಬಟ್ಟೆ ತರಬಹುದು ಎಂಬ ಕೋಟಾ ಇದ್ದ ಕಾಲದಲ್ಲೇ ಅಮೆರಿಕದ ಕಸ್ಟಮ್ಸ್‌ಗೆ ಎಲ್ವಿಸ್ ಎಂಬ ವ್ಯವಸ್ಥೆ ಇತ್ತು. ರಫ್ತು ಮಾಡುವ ದೇಶದ ಸರ್ಕಾರ ಜವಳಿ ವೀಸಾದ (ಕೋಟಾದ ಮಾಲಿಗೆ ಆ ಸರ್ಕಾರ ಕೊಡುವ ಅನುಮತಿ) ವಿವರವನ್ನು ಅದರ ಮೂಲಕ ನೇರವಾಗಿ ಕಳಿಸುತ್ತಿತ್ತು. 2005ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ದೇಶಗಳ ನಡುವಿನ ಆ ಕೋಟಾಗಳು ಮುಗಿದವು. ಅಂದೇ ಆಗುತ್ತಿದ್ದದ್ದು ಇಂದು ಯಾಕೆ ಆಗಬಾರದು?

ಬಟ್ಟೆಯಲ್ಲಿ ಸಣ್ಣ ತಪ್ಪಿಗೂ ದೊಡ್ಡ ದಂಡ ತೆರಬೇಕಾಗುತ್ತದೆ, ಅದನ್ನು ಹೊರಗಿನವರು ಗಮನಿಸುವುದು ಕಡಿಮೆ. ನೇಯ್ದ ಬಟ್ಟೆಯಲ್ಲಿ ತೂಕದಲ್ಲಿ ಹತ್ತಿ ಶೇ. 55, ಪಾಲಿಯೆಸ್ಟರ್ ಶೇ. 45 ಇದ್ದರೆ, ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಎಚ್‌ಎಸ್ ಪಟ್ಟಿಯಲ್ಲಿ ಅದು 52ನೇ ಅಧ್ಯಾಯಕ್ಕೆ ಸೇರುತ್ತದೆ. ಯಾರೋ ಟೈಪ್ ಮಾಡುವಾಗ ಆ ಎರಡು ಅಂಕಿ ಅದಲುಬದಲಾದರೆ 54ನೇ ಅಧ್ಯಾಯಕ್ಕೋ 55ನೆಯದಕ್ಕೋ ಹೋಗುತ್ತದೆ, ಸುಂಕವೇ ಬದಲಾಗಬಹುದು. ಸಿದ್ಧ ಉಡುಪಾದರೆ ಹೆಣೆದದ್ದು 61, ನೇಯ್ದದ್ದು 62. ಈಗ ಏನಾಗುತ್ತಿದೆ ಎಂದರೆ ಮಿಲ್‌ನವರು ಒಮ್ಮೆ, ಶಿಪ್ಪಿಂಗ್‌ನವರು ಒಮ್ಮೆ, ಇಲ್ಲಿ ನಾವು ಇನ್ನೊಮ್ಮೆ ಅದೇ ವಿವರವನ್ನು ಟೈಪ್ ಮಾಡುತ್ತೇವೆ. ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಮಾಲು ನಿಂತಿತು ಅಂತಲೇ ಅರ್ಥ. ಮಿಲ್‌ನಲ್ಲಿ ಒಮ್ಮೆ ಹಾಕಿದ ವಿವರವೇ ಕೊನೆವರೆಗೆ ಬಂದರೆ ಈ ತೊಂದರೆ ಎಷ್ಟೋ ತಪ್ಪುತ್ತದೆ, ಅಲ್ವಾ? ಸ್ಕ್ಯಾನ್ ಮಾಡಿದ ಪಿಡಿಎಫ್ ಅಪ್‌ಲೋಡ್ ಮಾಡುವುದು ಎಲೆಕ್ಟ್ರಾನಿಕ್ ವ್ಯವಸ್ಥೆ ಅಲ್ಲ, ಅದು ಕಾಗದದ ಫೋಟೋ ಅಷ್ಟೇ.

ಕಷ್ಟದ ದಾಖಲೆ ಅಂದರೆ ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ಪತ್ರ. ಸಾಮಾನ್ಯವಾಗಿ ಮೂರು ಒರಿಜಿನಲ್ ಪ್ರತಿ ಇರುತ್ತವೆ, ಅದು ಯಾರ ಕೈಯಲ್ಲಿದೆಯೋ ಮಾಲು ಬಿಡಿಸಿಕೊಳ್ಳುವ ಹಕ್ಕು ಅವರದು. ಹಾಗಾಗಿಯೇ ಬ್ಯಾಂಕಿನವರು ಅದನ್ನು ಅಷ್ಟು ಜೋಪಾನ ಮಾಡುವುದು. ಕಂಪ್ಯೂಟರ್ ಫೈಲನ್ನು ಯಾರ ಬಳಿಯೂ ಎಷ್ಟು ಪ್ರತಿಯಾದರೂ ಇಡಬಹುದಲ್ಲ ಎಂಬ ಭಯ ಹಿಂದೆ ಸಹಜವಾಗಿತ್ತು. ಅದಕ್ಕೂ ದಾರಿ ಆಗಿದೆ. ಒಂದು ಸಲಕ್ಕೆ ಒಬ್ಬರ ಹಿಡಿತದಲ್ಲೇ ಇರುವ ದಾಖಲೆಗೆ ಕಾಗದದಷ್ಟೇ ಬೆಲೆ ಕೊಡುವ ಮಾದರಿ ಕಾನೂನನ್ನು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್ಸಿಟ್ರಾಲ್ 2017ರಲ್ಲೇ ತಂದಿತು. 2021ರಲ್ಲಿ ಸಿಂಗಾಪುರ ಅದನ್ನು ಅಳವಡಿಸಿಕೊಂಡಿತು. 2023ರ ಸೆಪ್ಟೆಂಬರ್ 20ರಿಂದ ಬ್ರಿಟನ್‌ನಲ್ಲೂ ಇಂಥದೇ ಕಾನೂನು ಜಾರಿಯಲ್ಲಿದೆ. ದೊಡ್ಡ ಹಡಗು ಕಂಪನಿಗಳು 2030ರೊಳಗೆ ಬಿಲ್ ಆಫ್ ಲೇಡಿಂಗನ್ನು ಪೂರ್ತಿ ಎಲೆಕ್ಟ್ರಾನಿಕ್ ಮಾಡುತ್ತೇವೆ ಎಂದು ಮಾತು ಕೊಟ್ಟಿವೆ.

ನನಗೆ ಚಿಂತೆ ಇರುವುದು ಸಣ್ಣ ಮಿಲ್‌ಗಳ ಬಗ್ಗೆ. ಒಬ್ಬ ಖರೀದಿದಾರ ಒಂದು ಪ್ಲಾಟ್‌ಫಾರ್ಮ್, ಇನ್ನೊಬ್ಬ ಇನ್ನೊಂದು ಎಂದರೆ ಅವರು ಎಷ್ಟಕ್ಕೆ ಅಂತ ಹಣ ಕಟ್ಟಬೇಕು? ಒಂದರ ದಾಖಲೆ ಇನ್ನೊಂದರಲ್ಲಿ ತೆರೆಯಲೇಬೇಕು, ಆ ನಿಯಮ ಮೊದಲು ಬರಲಿ. ಸರ್ವರ್ ಕೆಟ್ಟಾಗ ಏನು ಮಾಡಬೇಕು ಎನ್ನುವುದೂ ಬರೆದಿಟ್ಟಿರಲಿ.

ಇಷ್ಟಾದ ಮೇಲೆ ಕಸ್ಟಮ್ಸ್‌ನವರು ಒಂದು ದಿನಾಂಕ ಹೇಳಲಿ, ಅಲ್ಲಿಂದ ಮುಂದೆ ಒರಿಜಿನಲ್ ಕೇಳುವವರು ಅದು ಯಾಕೆ ಬೇಕು ಎಂಬ ಕಾರಣವನ್ನು ಅದೇ ವ್ಯವಸ್ಥೆಯಲ್ಲಿ ಬರೆದು ಕೇಳಲಿ.

ಇಂತಿ,
ಬಟ್ಟೆ ಆಮದಿನ ಕೆಲಸದಲ್ಲಿರುವ ಒಬ್ಬ ಓದುಗ