ನಮ್ಮ ಹಾಕಿ ಆಟಗಾರರಿಗೂ ಒಂದು ಕಾರ್ಡ್ ಬೇಕು

ಮಾನ್ಯ ಸಂಪಾದಕರೇ,

ಆಟಗಾರನ ಫೋಟೊ ಅಚ್ಚಾದ ಕೆನಡಾದ ಒಂದು ಹಳೇ ಹಾಕಿ ಕಾರ್ಡ್ 2021ರಲ್ಲಿ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿ! ಅದು ಐಸ್ ಹಾಕಿ, ನಮ್ಮ ಮೈದಾನದ ಆಟ ಬೇರೆ, ಗೊತ್ತು. ಆದರೂ ಆ ಕಾರ್ಡಿನ ಕಥೆ ಓದಿದಾಗಿನಿಂದ ಕೊಡಗಿನವರಿಗೆ ಒಂದು ಮಾತು ಹೇಳಬೇಕು ಅನ್ನಿಸುತ್ತಿದೆ.

ಓ-ಪೀ-ಚೀ ಅನ್ನೋದು ಕೆನಡಾದ ಮಿಠಾಯಿ ಕಂಪನಿ. ಬಬಲ್ ಗಮ್ ಜೊತೆ ಆಟಗಾರರ ಕಾರ್ಡ್ ಇಟ್ಟು ಮಕ್ಕಳಿಗೆ ಮಾರುತ್ತಿತ್ತು. ಆ ದುಬಾರಿ ಕಾರ್ಡ್ ಅದರ 1979-80ರ ಸೆಟ್‌ನ 18ನೇ ನಂಬರಿನದ್ದು, ವೇಯ್ನ್ ಗ್ರೆಟ್ಸ್ಕಿ ಎಂಬ ಹುಡುಗನದ್ದು. ಸುತ್ತ ನೀಲಿ ಅಂಚು. ಆ ಅಂಚು ಸ್ವಲ್ಪ ತಾಗಿದರೂ ಬಣ್ಣ ಎದ್ದು ಬಿಳಿ ರಟ್ಟು ಕಾಣುತ್ತದೆ, ಕಾರ್ಡ್ ಕತ್ತರಿಸಿದ್ದೂ ಒರಟೊರಟು. ಮಕ್ಕಳು ಜೇಬಲ್ಲಿಟ್ಟು ಆಡಿದ ವಸ್ತು ಬೇರೆ, ಹಾಗಾಗಿ ಹೊಸದರಂತೆ ಉಳಿದದ್ದು ಬಹಳ ಕಮ್ಮಿ. ಬೆಲೆ ಏರಿದ್ದು ಅದಕ್ಕೇ.

ಕಾರ್ಡ್ ಬಂದಾಗ ಅವನಿಗೆ 18 ವರ್ಷ. ಅವನ ಎಡ್ಮಂಟನ್ ಆಯಿಲರ್ಸ್ ತಂಡ ಆಗಷ್ಟೇ ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್ ಸೇರಿತ್ತು. ಆಮೇಲೆ ಅವನು ಆ ತಂಡಕ್ಕೆ ನಾಲ್ಕು ಸಲ ಆ ಲೀಗ್‌ನ ಸ್ಟಾನ್ಲಿ ಕಪ್ ಗೆಲ್ಲಿಸಿಕೊಟ್ಟ, 1988ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ, 1999ರಲ್ಲಿ ಆಟ ಬಿಟ್ಟಾಗ ಅವನ ಲೆಕ್ಕದಲ್ಲಿ 894 ಗೋಲು ಇದ್ದವು. 2025ರಲ್ಲಿ ರಷ್ಯಾದ ಆಟಗಾರ ಓವೆಚ್ಕಿನ್ ಆ ದಾಖಲೆ ಮುರಿದರು. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಲೆಕ್ಕ: 1,963 ಅಸಿಸ್ಟ್. ಅಂದರೆ ಬೇರೆಯವರು ಗೋಲು ಹೊಡೆಯಲಿ ಅಂತ ಕೊಟ್ಟ ಪಾಸ್‌ಗಳು. ಉಳಿದ ಯಾವ ಆಟಗಾರನ ಗೋಲು, ಅಸಿಸ್ಟ್ ಎರಡೂ ಕೂಡಿಸಿದರೂ ಅಷ್ಟಾಗುವುದಿಲ್ಲ! ಅವನ 99 ನಂಬರಿನ ಜೆರ್ಸಿಯನ್ನು ಆ ಲೀಗ್‌ನ ಯಾವ ತಂಡವೂ ಈಗ ಯಾರಿಗೂ ಕೊಡುವುದಿಲ್ಲ.

ಇದೆಲ್ಲ ಅಲ್ಲಿನ ಮಕ್ಕಳಿಗೆ ಬಾಯಿಪಾಠ. ನಮ್ಮ ಮಕ್ಕಳಿಗೆ?

ನಮ್ಮ ಕೊಡಗಿನ ಎಂ.ಪಿ. ಗಣೇಶ್ ಅವರನ್ನೇ ತೆಗೆದುಕೊಳ್ಳಿ. ಫುಟ್‌ಬಾಲ್ ಆಡುತ್ತಿದ್ದವರು, ಸೇನೆ ಸೇರಿ ಹಾಕಿಯಲ್ಲಿ ಬೆಳೆದರು. 1971ರ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರ ವಿಶ್ವಕಪ್‌ಗೆ ಅವರೇ ನಾಯಕ. ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಜೊತೆ 2-2 ಸಮ ಆಗಿ, ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಕಪ್ ಕೈತಪ್ಪಿತು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು, ಪದ್ಮಶ್ರೀ ಬರಲು 2020 ಆಗಬೇಕಾಯಿತು. ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಎಂ.ಎಂ. ಸೋಮಯ್ಯ ಅವರದ್ದು 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನ, 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಹೋದ ತಂಡದ ನಾಯಕತ್ವ. ಒಬ್ಬೊಬ್ಬರದ್ದೂ ಒಂದು ಕಾರ್ಡ್ ತುಂಬುವಷ್ಟು ಇದೆ ಅಲ್ವಾ? ನಾನಂತೂ ಇಂಥ ಒಂದೇ ಒಂದು ಕಾರ್ಡನ್ನು ಯಾವ ಮಗುವಿನ ಕೈಯಲ್ಲೂ ನೋಡಿಲ್ಲ.

ನಮ್ಮಲ್ಲಿ ಇದಕ್ಕೆ ಸರಿಯಾದ ಜಾಗವೂ ಇದೆ. ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳ ತಂಡಗಳಿದ್ದವು, 2024ರಲ್ಲಿ ನಾಪೋಕ್ಲಿನಲ್ಲಿ 360. ಒಕ್ಕದ, ಅಂದರೆ ಕೊಡವ ಮನೆತನದ, ಹೆಸರಲ್ಲೇ ತಂಡ. ಹೆಂಗಸರೂ ಗಂಡಸರೂ ಒಟ್ಟಿಗೆ ಆಡುತ್ತಾರೆ, ಅಜ್ಜ ಮೊಮ್ಮಗ ಇಬ್ಬರೂ ಒಂದೇ ತಂಡದಲ್ಲಿ ಇಳಿದರೂ ಯಾರಿಗೂ ಆಶ್ಚರ್ಯವಿಲ್ಲ. ಉತ್ಸವ ನಡೆಸುವ ಕುಟುಂಬ ಪ್ರತಿ ವರ್ಷ ನಾಲ್ಕೈದು ಆಟಗಾರರ ಕಾರ್ಡ್ ಅಚ್ಚು ಹಾಕಿಸಲಿ. ಮುಂದೆ ಫೋಟೊ, ಹಿಂದೆ ಊರು, ಒಕ್ಕ, ಆಡಿದ ಟೂರ್ನಿ, ಪದಕ. ಕೊಡವರದ್ದು ಮಾತ್ರ ಸಾಲದು, ಸೋಮವಾರಪೇಟೆ, ಕುಶಾಲನಗರ ಕಡೆಯ ಎಲ್ಲ ಸಮುದಾಯದ ಆಟಗಾರರೂ ಇರಲಿ, ಭಾರತಕ್ಕೆ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂಥವರನ್ನು ಬಿಟ್ಟು ಕೊಡಗಿನ ಹಾಕಿ ಎಲ್ಲಿದೆ? ಹೆಣ್ಣುಮಕ್ಕಳ ಕಾರ್ಡಂತೂ ಬೇಕೇ ಬೇಕು.

ಖರ್ಚು ದೊಡ್ಡದೇನಲ್ಲ, ಮಡಿಕೇರಿಯ ಯಾವ ಪ್ರೆಸ್ಸಿನಲ್ಲಾದರೂ ಆಗುವ ಕೆಲಸ. ಕಷ್ಟ ಇರುವುದು ಹಳೇ ಫೋಟೊ ಹುಡುಕುವುದರಲ್ಲಿ. ನಿಮ್ಮ ಐನ್‌ಮನೆಯ (ಒಕ್ಕದ ಮೂಲ ಮನೆಯ) ಗೋಡೆಯಲ್ಲೋ ಟ್ರಂಕಿನಲ್ಲೋ ಸ್ಟಿಕ್ ಹಿಡಿದು ನಿಂತವರ ಫೋಟೊ ಇದ್ದರೆ, ಮಳೆಗಾಲದ ತೇವ ಹಿಡಿಯುವ ಮೊದಲು ಒಂದು ಸ್ಕ್ಯಾನ್ ಮಾಡಿಸಿ, ಹಿಂದೆ ಹೆಸರು, ವರ್ಷ ಬರೆದಿಡಿ.

ಇಂತಿ,
ಒಬ್ಬ ಹಾಕಿ ಪ್ರೇಮಿ, ವಿರಾಜಪೇಟೆ