ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ?

ಮಾನ್ಯ ಸಂಪಾದಕರೇ,

ನಮ್ಮ ಊರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) ಹೊಸ ಹೆಡ್ ಕೋಚ್ ಯಾರಾಗಬೇಕು ಎಂದು ನಿಮ್ಮ ಓದುಗರು ಬರೆಯುತ್ತಿರುವ ಪತ್ರಗಳನ್ನು ಬಿಡದೆ ಓದುತ್ತಿದ್ದೇನೆ. ಕೆಲವರು ಸ್ಪೇನ್‌ನಿಂದ ಒಬ್ಬ ದೊಡ್ಡ ಹೆಸರಿನವರನ್ನು ತನ್ನಿ ಅನ್ನುತ್ತಾರೆ. ಇನ್ನು ಕೆಲವರು, ಸಾಕು ವಿದೇಶಿಯರ ಸಹವಾಸ, ನಮ್ಮವರೇ ಬರಲಿ ಅನ್ನುತ್ತಾರೆ. ಜಗಳ ಜೋರಾಗಿದೆ. ಆದರೆ ಎಲ್ಲರೂ ನೋಡುತ್ತಿರುವುದು ಡಗ್‌ಔಟ್‌ನ, ಅಂದರೆ ಮೈದಾನದ ಪಕ್ಕ ಕೋಚ್‌ಗಳು ಕೂರುವ ಜಾಗದ, ಒಂದೇ ಕುರ್ಚಿಯನ್ನು. ನಾನು ಅದರ ಪಕ್ಕದ ಕುರ್ಚಿಯ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಕೂರುವವರು ಸಹಾಯಕ ಕೋಚ್. ಅವರ ಬಗ್ಗೆ ಒಂದು ಪತ್ರವೂ ಬಂದಿಲ್ಲ.

ನಾನು ಹಲಸೂರು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಮನೆ ಗೌತಮಪುರದ ಹತ್ತಿರ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ನನ್ನ ಹತ್ತಿರ ಕೋಚಿಂಗ್‌ನ ಡಿ ಲೈಸೆನ್ಸ್ ಇದೆ, ಅಂದರೆ ಏಣಿಯ ಮೊದಲ ಮೆಟ್ಟಿಲು. ಕಂಠೀರವದಲ್ಲಿ ಮ್ಯಾಚ್ ನೋಡುವಾಗ ಚೆಂಡಿಗಿಂತ ಜಾಸ್ತಿ ಡಗ್‌ಔಟ್ ಕಡೆ ನೋಡುವುದು ನನ್ನ ಅಭ್ಯಾಸ. ಮಗ ಬೈಯುತ್ತಾನೆ, ಗೋಲು ನೋಡೋದು ಬಿಟ್ಟು ಅಲ್ಲೇನಮ್ಮ ನೋಡ್ತೀಯ ಅಂತ.

ಕ್ಲಬ್‌ನ ಹಳೆಯ ಲೆಕ್ಕ ಸ್ವಲ್ಪ ತೆಗೆಯೋಣ. 2013ರಲ್ಲಿ ಶುರುವಾದಾಗ ಕೋಚ್ ಆಶ್ಲಿ ವೆಸ್ಟ್‌ವುಡ್. ಆಗ ಆಟ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆಯುತ್ತಿತ್ತು. ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2015-16ರಲ್ಲಿ ಇನ್ನೊಮ್ಮೆ ಗೆದ್ದರು. ಆಮೇಲೆ ಆಲ್ಬರ್ಟ್ ರೋಕಾ ಬಂದರು. 2016ರಲ್ಲೇ ತಂಡ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0 ಅಂತರದಲ್ಲಿ ಸೋತೆವು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಮುಟ್ಟಿರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು 2018. ರೋಕಾ ಹೊರಟಾಗ ಕ್ಲಬ್ ಹೊಸ ದೇಶದಲ್ಲಿ ಹೊಸ ಹೆಸರು ಹುಡುಕಲಿಲ್ಲ. ರೋಕಾ ಪಕ್ಕದಲ್ಲೇ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಮುಂದಿನ ಕುರ್ಚಿಗೆ ಕೂರಿಸಿತು. ಹುಡುಗರ ಪರಿಚಯ ಇತ್ತು. ಯಾರ ಮೊಣಕಾಲು ಕೈಕೊಡುತ್ತದೆ, ಯಾರಿಗೆ ಬೈದರೆ ಆಟ ಏರುತ್ತದೆ, ಯಾರಿಗೆ ಬೈದರೆ ಇಳಿಯುತ್ತದೆ, ಎಲ್ಲ ಗೊತ್ತಿತ್ತು. ಆ ಸೀಸನ್ನೇ ಬಿಎಫ್‌ಸಿ ತನ್ನ ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದಿತು. ಮುಂಬೈನಲ್ಲಿ ಗೋವಾ ಎದುರು, ಎಕ್ಸ್‌ಟ್ರಾ ಟೈಮ್‌ನಲ್ಲಿ ರಾಹುಲ್ ಭೇಕೆಯ ಹೆಡರ್. ಆ ಗೋಲನ್ನು ನಾನೂ ನೋಡಿದೆ, ಟಿವಿಯಲ್ಲಿ. ಟಿವಿಯಲ್ಲಿ ಡಗ್‌ಔಟ್ ಜಾಸ್ತಿ ತೋರಿಸುವುದಿಲ್ಲವಲ್ಲ.

ಇನ್ನೊಂದು ಉದಾಹರಣೆ ಗೆರಾರ್ಡ್ ಝರಗೋಝಾ. ಅವರೂ ಮೊದಲು ಇಲ್ಲಿ ಸಹಾಯಕ ಕೋಚ್ ಆಗಿದ್ದವರೇ. 2023ರ ಡಿಸೆಂಬರ್‌ನಲ್ಲಿ, ಸೀಸನ್ ಅರ್ಧದಲ್ಲಿ, ಬೇರೆಯವರು ಕಟ್ಟಿದ ತಂಡವನ್ನು ಕೈಗೆ ತೆಗೆದುಕೊಂಡರು. ಆ ವರ್ಷ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಆದರೆ ಮುಂದಿನ ಸೀಸನ್‌ನಲ್ಲೇ ಫೈನಲ್. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಎಕ್ಸ್‌ಟ್ರಾ ಟೈಮ್‌ವರೆಗೂ ಆಡಿ 2-1 ಅಂತರದಲ್ಲಿ ಸೋತರು.

ಇವರಿಬ್ಬರ ನಡುವೆ ಬಂದವರಲ್ಲಿ ಸೈಮನ್ ಗ್ರೇಸನ್ ಬಯೊಡೇಟಾ ಎಲ್ಲರಿಗಿಂತ ಭಾರ. ಇಂಗ್ಲೆಂಡ್‌ನಲ್ಲಿ ಲೀಡ್ಸ್ ಸೇರಿ ನಾಲ್ಕು ಕ್ಲಬ್‌ಗಳನ್ನು ಮೇಲಿನ ದರ್ಜೆಗೆ ಏರಿಸಿದವರು. ಇಲ್ಲೂ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದರು, ಮರುವರ್ಷ ಐಎಸ್‌ಎಲ್ ಫೈನಲ್‌ಗೂ ಸೂಪರ್ ಕಪ್ ಫೈನಲ್‌ಗೂ ಕರೆದುಕೊಂಡು ಹೋದರು. ಅವರು ಕೆಟ್ಟ ಕೋಚ್ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಆ ಡಿಸೆಂಬರ್‌ನಲ್ಲಿ ಅವರನ್ನು ಕಳಿಸಿದಾಗ ಕ್ಲಬ್ ಮತ್ತೆ ಹಳೆಯ ಸಹಾಯಕರ ಮನೆ ಬಾಗಿಲನ್ನೇ ತಟ್ಟಿತು. ಇದರಲ್ಲಿ ಏನೋ ಇದೆ ಅಲ್ವಾ?

ಈಗ ಒಂದು ಪ್ರಶ್ನೆ. ಹೀಗೆ ಪಕ್ಕದ ಕುರ್ಚಿಯಿಂದ ಮುಖ್ಯ ಕುರ್ಚಿಗೆ ಬಂದ ಇಬ್ಬರೂ ಸ್ಪೇನ್‌ನವರು ಯಾಕೆ? 2013ರಿಂದ ಝರಗೋಝಾವರೆಗೆ ಪೂರ್ಣಾವಧಿಗೆಂದು ನೇಮಕವಾದ ಕೋಚ್‌ಗಳೆಲ್ಲ ಯುರೋಪಿನವರೇ. ನಮ್ಮವರಲ್ಲಿ ಆ ಕುರ್ಚಿಯ ತೀರಾ ಹತ್ತಿರ ಬಂದವರು ನೌಷಾದ್ ಮೂಸಾ. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದ ಮೇಲೆ ಉಳಿದ ಸೀಸನ್ ಅವರ ಕೈಗೆ ಬಂತು. ಅದು ಮುಗಿಯುವ ಹೊತ್ತಿಗೆ ಮಾರ್ಕೊ ಪೆಝ್ಝಾಯುವೊಲಿ ಹೆಸರು ಬಂದಾಗಿತ್ತು. ಮೂಸಾ ಬೇಜಾರು ತೋರಿಸದೆ ಮತ್ತೆ ಹುಡುಗರ ತಂಡಕ್ಕೆ ಹೋದರು. ಆ ಹುಡುಗರೇ 2022ರಲ್ಲಿ ಡೆವಲಪ್‌ಮೆಂಟ್ ಲೀಗ್ ಗೆದ್ದರು. ಅದರಲ್ಲಿ ಗೋಲು ಸುರಿಸಿದ ಶಿವಶಕ್ತಿ ನಾರಾಯಣನ್ ಮುಂದಿನ ಸೀಸನ್‌ನಲ್ಲಿ ದೊಡ್ಡ ತಂಡದಲ್ಲಿ ಆಡಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಅನ್ನಿಸಿಕೊಂಡ. 2025ರಲ್ಲಿ ಮೂಸಾ ಅವರನ್ನು ಭಾರತದ 23 ವರ್ಷದೊಳಗಿನವರ ತಂಡಕ್ಕೆ ಕೋಚ್ ಮಾಡಿದರು. ದೇಶದ ತಂಡಕ್ಕೆ ಆಗುವವರು ನಮ್ಮ ಕ್ಲಬ್‌ಗೆ ಹಂಗಾಮಿಯಾಗಿ ಮಾತ್ರ ಆಗುತ್ತಿದ್ದರು.

ಸಹಾಯಕ ಕೋಚ್ ಅಂದರೆ ಕೋನ್ ಜೋಡಿಸುವವರು, ಬಿಬ್ ಹಂಚುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಂಥವರು 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ನೆನಪು ಮಾಡಿಕೊಳ್ಳಲಿ. ನಡೆದದ್ದು ನಮ್ಮ ಕಂಠೀರವದಲ್ಲೇ. ಪಾಕಿಸ್ತಾನದ ಎದುರಿನ ಮೊದಲ ಮ್ಯಾಚ್‌ನಲ್ಲಿ ಅವರ ಆಟಗಾರ ಥ್ರೋ ಮಾಡಲು ಹೋಗುವಾಗ ಭಾರತದ ಆಗಿನ ಹೆಡ್ ಕೋಚ್ ಇಗೋರ್ ಸ್ಟಿಮಾಚ್ ಕೈ ಹಾಕಿ ಚೆಂಡು ಬೀಳಿಸಿದರು, ರೆಡ್ ಕಾರ್ಡ್ ತಿಂದರು. ಕುವೈತ್ ಎದುರು ಇನ್ನೊಂದು ತಿಂದರು. ಸೆಮಿಫೈನಲ್‌ಗೂ ಫೈನಲ್‌ಗೂ ಹೆಡ್ ಕೋಚ್ ಡಗ್‌ಔಟ್‌ನಲ್ಲಿ ಇಲ್ಲ! ಟಚ್‌ಲೈನ್‌ನಲ್ಲಿ ನಿಂತವರು ಸಹಾಯಕ ಕೋಚ್ ಮಹೇಶ್ ಗಾವ್ಲಿ. ಲೆಬನಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದೆವು. ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು. ಸ್ಟೇಡಿಯಂ ತುಂಬಿತ್ತು, ಒಂದು ಕ್ಷಣ ಎಲ್ಲರ ಬಾಯಿ ಬಂದ್. ನಾನು ಅಭ್ಯಾಸದಂತೆ ಗಾವ್ಲಿಯವರ ಕಡೆ ನೋಡಿದೆ. ಮನುಷ್ಯ ಕೂಗಾಡಲಿಲ್ಲ. ಆಡುವ ಕಾಲದಲ್ಲಿ ಡಿಫೆಂಡರ್ ಆಗಿದ್ದವರು, ಆ ತಾಳ್ಮೆ ಹೋಗಿಲ್ಲ. ಅರ್ಧ ಸಮಯಕ್ಕೆ ಮುಂಚೆಯೇ ಛಾಂಗ್ಟೆ ಸಮ ಮಾಡಿದ. ಆಮೇಲೆ 120 ನಿಮಿಷ, ಶೂಟೌಟ್, ನಮ್ಮ ಬಿಎಫ್‌ಸಿಯ ಗೋಲ್‌ಕೀಪರ್ ಗುರುಪ್ರೀತ್ ಕೊನೆಯದನ್ನು ತಡೆದ, 5-4. ಮರುದಿನದ ಮಾತೆಲ್ಲ ಗುರುಪ್ರೀತ್ ಬಗ್ಗೆ, ಛೆಟ್ರಿ ಬಗ್ಗೆ, ಸ್ಟಿಮಾಚ್ ಸಿಟ್ಟಿನ ಬಗ್ಗೆ. ಗಾವ್ಲಿ ಬಗ್ಗೆ ಮಾತಾಡಿದವರು ಕಡಿಮೆ.

ಶಾಲೆಯಲ್ಲಿ ಇದು ನಮಗೆ ಹೊಸದಲ್ಲ. ಹೆಡ್ ಮಾಸ್ಟರ್‌ಗೆ ವರ್ಗ ಆಗುತ್ತಿರುತ್ತದೆ, ಶಾಲೆ ನಡೆಯುವುದು ಹಿರಿಯ ಟೀಚರ್‌ಗಳಿಂದ.

ಭಾಷೆಯ ವಿಷಯವೂ ಇದೆ. ಗುರುಪ್ರೀತ್ ಪಂಜಾಬಿ. ಸುರೇಶ್ ಸಿಂಗ್, ರೋಷನ್ ಸಿಂಗ್ ಮಣಿಪುರದವರು. ಶಿವಶಕ್ತಿ ತಮಿಳುನಾಡಿನ ಹುಡುಗ. ಅವರ ಮಧ್ಯೆ ಝರಗೋಝಾ ಸ್ಪ್ಯಾನಿಷ್ ಧಾಟಿಯ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದರು. ಬೋರ್ಡ್ ಮೇಲೆ ಬಾಣ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ನಿಜ. ಆದರೆ ಎಪ್ಪತ್ತೈದನೇ ನಿಮಿಷದಲ್ಲಿ, 0-1 ಇರುವಾಗ, ಬದಲಿ ಆಟಗಾರನಾಗಿ ಹೋಗುವ ಹತ್ತೊಂಬತ್ತರ ಹುಡುಗನ ಕಿವಿಯಲ್ಲಿ ಎರಡೇ ಮಾತು ಹೇಳಬೇಕಾದಾಗ ಬಾಣ ಸಾಲದು. ನನ್ನ ಮೈದಾನದಲ್ಲಿ ಒಂದೇ ಟೀಮಿನಲ್ಲಿ ಕನ್ನಡ, ತಮಿಳು, ಉರ್ದು ಮಕ್ಕಳು ಇರುತ್ತಿದ್ದರು. ಈಚೆಗೆ ನೇಪಾಳಿ ಮಕ್ಕಳೂ ಸೇರಿದ್ದರು. "ಹಿಂದೆ ಬಾ" ಅನ್ನುವುದನ್ನು ಎಲ್ಲ ಭಾಷೆಯಲ್ಲೂ ಕೂಗಿದ್ದೇನೆ. ಅದಕ್ಕಿಂತ ಕಷ್ಟ, ಸೋತ ಮೇಲೆ ಒಬ್ಬ ಹುಡುಗಿ ಸುಮ್ಮನಾದಾಗ ಅವಳು ಯಾಕೆ ಸುಮ್ಮನಾದಳು ಎಂದು ತಿಳಿಯುವುದು. ಆ ಕೆಲಸಕ್ಕೆ ಈ ನೆಲದ ಒಬ್ಬರು ಪಕ್ಕದಲ್ಲಿ ಇರಲೇಬೇಕು.

ಹಾಗಾದರೆ ನೇರವಾಗಿ ಭಾರತೀಯರನ್ನೇ ಹೆಡ್ ಕೋಚ್ ಮಾಡಿ ಅನ್ನುವ ಓದುಗರಿಗೆ ಒಂದು ಮಾತು. ನನಗೂ ಆಸೆ ಇದೆ. ಖಾಲಿದ್ ಜಮೀಲ್ ಐಜ್ವಾಲ್‌ನಂಥ ಸಣ್ಣ ಕ್ಲಬ್ ಕಟ್ಟಿಕೊಂಡು 2016-17ರ ಐ-ಲೀಗ್ ಗೆದ್ದವರು. ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಮೊದಲು ಹಂಗಾಮಿಯಾಗಿ ನಿಂತು, ಚೆನ್ನಾಗಿ ನಡೆಸಿ, ಐಎಸ್‌ಎಲ್‌ನಲ್ಲಿ ಪೂರ್ಣಾವಧಿ ಹೆಡ್ ಕೋಚ್ ಆದ ಮೊದಲ ಭಾರತೀಯ ಅನ್ನಿಸಿಕೊಂಡರು. 2025ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೇ ಬಂದರು. ಬಂದ ಕೂಡಲೇ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ಸೋಲಿಸಿ ಮೂರನೇ ಸ್ಥಾನ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರ ಎದುರು ಸೋಲು, ಏಷ್ಯನ್ ಕಪ್ ಆಸೆ ಹೋಯಿತು. ಪಾಸ್‌ಪೋರ್ಟ್ ನೋಡಿ ಚೆಂಡು ಒಳಗೆ ಹೋಗುವುದಿಲ್ಲ. ಜಮೀಲ್ ಅವರಂಥ ಹತ್ತು ಜನ ಇದ್ದರೆ ಆರಿಸಬಹುದು. ಹತ್ತು ಜನ ಎಲ್ಲಿಂದ ಬರಬೇಕು? ಪಕ್ಕದ ಕುರ್ಚಿಯಿಂದಲೇ ತಾನೇ?

ಲೈಸೆನ್ಸ್ ಏಣಿ ಹೇಗಿದೆ ನೋಡಿ. ಡಿ, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಐಎಸ್‌ಎಲ್‌ನಲ್ಲಿ ಹೆಡ್ ಕೋಚ್ ಆಗಲು ಪ್ರೊ ಬೇಕು, ಇಲ್ಲವೇ ಅದಕ್ಕೆ ಸಮನಾದದ್ದು. ಒಂದೊಂದು ಮೆಟ್ಟಿಲಿಗೂ ಫೀಸು, ರಜೆ, ಓಡಾಟ. ನಮ್ಮ ಊರಲ್ಲಿ ಹಿಂದೆ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡದಲ್ಲಿ, ಸೇನೆಯ ಎಂಇಜಿ ತಂಡದಲ್ಲಿ ಆಡಿದವರು ಶಿಫ್ಟ್ ಮುಗಿಸಿ ಬಂದು ಸಂಜೆ ಮಕ್ಕಳಿಗೆ ಕಲಿಸುತ್ತಿದ್ದರು. ಅವರ ಹತ್ತಿರ ಕಲಿತ ಕೆಲವರು ಇವತ್ತು ಮೇಲಿನ ಲೈಸೆನ್ಸ್ ಮಾಡಿಕೊಂಡಿದ್ದಾರೆ. ಕ್ಲಬ್‌ಗೆ ಹೋದರೆ "ದೊಡ್ಡ ತಂಡದ ಅನುಭವ ಇದೆಯಾ" ಎಂಬ ಪ್ರಶ್ನೆ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರುತ್ತದೆ ಹೇಳಿ.

ಊರಲ್ಲಿ ಕೋಚ್‌ಗಳಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಛೆಟ್ರಿ ಎದುರಾಳಿಗಳು ಸಿದ್ಧವಾಗುವ ಮುಂಚೆಯೇ ಬೇಗ ಫ್ರೀ ಕಿಕ್ ಹೊಡೆದು ಗೋಲಾಗಿ, ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟುಹೋಯಿತಲ್ಲ, ಎಲ್ಲರಿಗೂ ನೆನಪಿದೆ. ಮಾರನೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ! ಹಿಂದಿನ ಸಲ ಗೆದ್ದಾಗ ತಂಡದ ಹೆಸರು ಮೈಸೂರು. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಫ್ರೀ ಕಿಕ್ ಸರಿಯೋ ತಪ್ಪೋ ಎಂಬ ಜಗಳ ವಾರಗಟ್ಟಲೆ ನಡೆಯಿತು. ಸಂತೋಷ್ ಟ್ರೋಫಿ ಮಾತು ಒಂದು ಟೀ ಮುಗಿಯುವಷ್ಟು ಹೊತ್ತೂ ನಡೆಯಲಿಲ್ಲ. ಆ ತಂಡವನ್ನು ತಯಾರು ಮಾಡಿದ ರವಿ ಬಾಬು ರಾಜು ಅವರ ಹೆಸರು ನಿಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಭಾರತದ ಫುಟ್‌ಬಾಲ್‌ನ ಅತಿ ದೊಡ್ಡ ಕೋಚ್ ಅನ್ನಿಸಿಕೊಂಡ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನ ಸ್ಕೂಲ್ ಮೇಷ್ಟ್ರು. ಅವರ 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮೇಷ್ಟ್ರ ಕಡೆಗೆ ನನ್ನ ಪಕ್ಷಪಾತ ಇದೆ, ಇರಲಿ ಬಿಡಿ.

ನಾನು ಕೇಳುವುದು ದೊಡ್ಡದೇನಲ್ಲ. ಹೆಡ್ ಕೋಚ್ ಎಲ್ಲಿಂದ ಬೇಕಾದರೂ ಬರಲಿ, ಬಾರ್ಸಿಲೋನಾ ಆಗಲಿ ಬೆಳಗಾವಿ ಆಗಲಿ. ಫಿಟ್‌ನೆಸ್‌ಗೆ, ಗೋಲ್‌ಕೀಪಿಂಗ್‌ಗೆ ತಮ್ಮವರನ್ನು ಕರೆದುಕೊಂಡು ಬರಲಿ. ಆದರೆ ಮೊದಲ ಸಹಾಯಕ ಕ್ಲಬ್ ನೇಮಿಸಿದ ಭಾರತೀಯ ಆಗಿರಲಿ, ಸಾಧ್ಯವಾದರೆ ಈ ರಾಜ್ಯದವರು. ಅವರ ಕರಾರು ಹೆಡ್ ಕೋಚ್ ಕರಾರಿಗಿಂತ ಒಂದು ವರ್ಷವಾದರೂ ಉದ್ದ ಇರಲಿ. ಹೆಡ್ ಕೋಚ್ ಹೋದ ಕೂಡಲೇ ಇವರೂ ಗಂಟುಮೂಟೆ ಕಟ್ಟುವಂತಾದರೆ ಏನು ಪ್ರಯೋಜನ? ಡ್ಯುರಾಂಡ್ ಕಪ್ ಪೂರ್ತಿ ಇವರ ಕೈಗೆ ಕೊಡಿ. ಗೆಲ್ಲಲಿ, ಸೋಲಲಿ, ಪತ್ರಿಕೆಯವರ ಪ್ರಶ್ನೆಗೆ ಇವರೇ ಉತ್ತರ ಹೇಳಲಿ. ಸೋತ ರಾತ್ರಿ ಮೈಕ್ ಮುಂದೆ ಕೂರುವುದೂ ಕಲಿಯಬೇಕಾದ ಕೆಲಸವೇ.

ಹೊರಗಿನಿಂದ ಬರುವ ಕೋಚ್ ಇದಕ್ಕೆ ಒಪ್ಪುತ್ತಾರಾ ಎಂದು ನನ್ನ ಮಗ ಕೇಳಿದ. ನನಗೆ ನಂಬಿಕೆಯವರು ಬೇಕು, ಕ್ಲಬ್ ಕಟ್ಟಿದವರು ಬೇಡ ಅನ್ನಬಹುದು. ಅದೂ ಸುಳ್ಳಲ್ಲ. ಪಕ್ಕದಲ್ಲಿ ಕುಳಿತವರು ಮ್ಯಾನೇಜ್‌ಮೆಂಟ್‌ಗೆ ಚಾಡಿ ಹೇಳುತ್ತಾರೆ ಎಂಬ ಅನುಮಾನ ಬಂದರೆ ತಂಡ ಕೆಡುತ್ತದೆ. ಅದಕ್ಕೇ ಇದನ್ನು ಸಂದರ್ಶನದ ದಿನವೇ ಬಾಯಿಬಿಟ್ಟು ಹೇಳಬೇಕು, ಸಹಿ ಹಾಕಿದ ಮೇಲೆ ಅಲ್ಲ. ಇವರ ಜೊತೆ ಕೆಲಸ ಮಾಡಲು ಆಗುತ್ತದಾ ಎಂದು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಕೇಳಬೇಕು. ಆಗಲ್ಲ ಅಂದವರು ಎಷ್ಟೇ ದೊಡ್ಡ ಹೆಸರಾದರೂ ಬೇರೆ ಊರಿಗೆ ಹೋಗಲಿ.

ಹೊಸ ಕೋಚ್ ಬಂದ ದಿನ ಕ್ಲಬ್ ನೀಲಿ ಜರ್ಸಿ ಹಿಡಿದ ಫೋಟೊ ಕಳಿಸುತ್ತದೆ, ನೀವು ಹಾಕುತ್ತೀರಿ. ಹಾಕಿ. ಜೊತೆಗೆ ನಿಮ್ಮ ಕ್ರೀಡಾ ವರದಿಗಾರರಿಗೆ ಹೇಳಿ, ಅವತ್ತಿನ ಪತ್ರಿಕಾಗೋಷ್ಠಿಯಲ್ಲಿ ಇಷ್ಟು ಕೇಳಲಿ: ಮೊದಲ ಸಹಾಯಕ ಕೋಚ್ ಯಾರು, ಅವರ ಕರಾರು ಎಷ್ಟು ವರ್ಷದ್ದು? ಉತ್ತರ ಸಿಕ್ಕರೆ ಫೋಟೊ ಕೆಳಗೆ ಒಂದು ಸಾಲು ಸಾಕು. ಸಿಗದಿದ್ದರೆ ಅದನ್ನೂ ಬರೆಯಿರಿ.

ಇತಿ,
ಒಬ್ಬ ನಿವೃತ್ತ ಪಿ.ಟಿ. ಟೀಚರ್
ಹಲಸೂರು, ಬೆಂಗಳೂರು